ಲೇಡೀಸ್ ವಾಚಿಗೆ ಬೆಲೆಯಿಲ್ಲವಂತೆ!

"ಲೇಡೀಸ್ ವಾಚಾ? ಅದಕ್ಕೆ ಬೆಲೆಯಿಲ್ಲ ಅಕ್ಕೋರೇ."

ಹಳೆಯ ಕೈಗಡಿಯಾರವೊಂದನ್ನು ಕೊಳ್ಳಬೇಕೆಂದು ಹೊರಟ ಮೇಲೆ ಈ ಮಾತನ್ನು ನಾನು ಕಾರವಾರದಲ್ಲಿ ಕೇಳಿದೆ, ಅಂಕೋಲೆಯಲ್ಲಿ ಕೇಳಿದೆ, ಮಡಗಾಂವಿನ ಅಂಗಡಿಯೊಂದರಲ್ಲಿ ಕೊಂಕಣಿಯಲ್ಲಿ ಕೇಳಿದೆ, ಬೆಂಗಳೂರಿನಲ್ಲಿರುವ ಅಣ್ಣನ ಮಗನಿಂದ ಫೋನಿನಲ್ಲೂ ಕೇಳಿದೆ. ಹೇಳಿದವರೆಲ್ಲ ಒಳ್ಳೆಯವರೇ. ನನ್ನ ದುಡ್ಡು ಹಾಳಾಗಬಾರದು ಎಂಬ ಕಾಳಜಿಯಿಂದಲೇ ಹೇಳಿದರು. ಆದರೆ ಒಳ್ಳೆಯವರು ಕಾಳಜಿಯಿಂದ ಹೇಳಿದ ಮಾತ್ರಕ್ಕೆ ಮಾತು ಸರಿಯಾಗಿಬಿಡುವುದಿಲ್ಲ. ಹೆಣ್ಣುಮಕ್ಕಳಿಗೆ ತಪ್ಪು ಬುದ್ಧಿ ಹೇಳಿದವರಲ್ಲಿ ಹೆಚ್ಚಿನವರು ಕಾಳಜಿಯಿದ್ದವರೇ ಅಲ್ಲವೇ?

ಈ ಮಾತು ತಪ್ಪು ಎಂದು ಹೇಳುವುದಕ್ಕಾಗಿಯೇ ಇಷ್ಟು ಬರೆಯಲು ಕೂತಿದ್ದೇನೆ. ಮೊದಲ ಸಲ ಹಳೇ ವಾಚು ಕೊಳ್ಳುವ ಹೆಂಗಸು ಹೆಂಗಸಿನ ವಾಚನ್ನೇ ಕೊಳ್ಳಬೇಕು. ಕೊಳ್ಳುವ ಮೊದಲು ಅದರ ಬೆಲೆಯನ್ನು ತಾನೇ ಕಟ್ಟಬೇಕು. ನನ್ನ ವಾದ ಇಷ್ಟೇ.

ಈಗ ಹಳೇ ವಾಚಿಗೆ ಒಂದು ಕಾಲ ಬಂದಿದೆ. ಅಜ್ಜನ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ನಿಂತೇ ಹೋಗಿದ್ದ ಚಾವಿ ಕೊಡುವ ವಾಚನ್ನು ಮೊಮ್ಮಗ ಎತ್ತಿಕೊಂಡು ಹೋಗಿ ರಿಪೇರಿ ಮಾಡಿಸಿ ಕಟ್ಟಿಕೊಳ್ಳುತ್ತಾನೆ. ಅದಕ್ಕೆ ವಿಂಟೇಜ್ ಎಂಬ ಹೆಸರು. ಹಳೇ ಪಾತ್ರೆಗೆ, ಹಳೇ ಸೀರೆಗೆ, ಹಳೇ ಹೆಂಡತಿಗೆ ಇಲ್ಲದ ಮರ್ಯಾದೆ ಹಳೇ ವಾಚಿಗೆ ಸಿಕ್ಕಿರುವುದು ಸಂತೋಷವೇ. ಅದರಲ್ಲೂ ನಮ್ಮ ರಾಜ್ಯದ ಎಚ್‌ಎಂಟಿ ವಾಚುಗಳಿಗೆ ದೇಶದ ಎಲ್ಲ ಕಡೆಯಿಂದಲೂ ಗಿರಾಕಿಗಳಿದ್ದಾರೆ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರಗಳನ್ನು ತಯಾರಿಸುವುದಕ್ಕೆಂದು ಹುಟ್ಟಿದ ಈ ಸರ್ಕಾರಿ ಕಂಪನಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರ ಮಾಡಲು ತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಒಂದು ಕಾಲಕ್ಕೆ ಮನೆಮಾತಾಗಿದ್ದವು. ಆಮೇಲೆ ಬ್ಯಾಟರಿ ವಾಚಿನ ಕಾಲ ಬಂತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿತು. ಅದರ ತೆಳ್ಳಗಿನ, ಚೆಂದದ, ಚಾವಿ ಬೇಡದ ವಾಚುಗಳ ಮುಂದೆ ಎಚ್‌ಎಂಟಿ ಹಿಂದೆ ಬೀಳುತ್ತಾ ಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟಿತು. ಮನುಷ್ಯರಂತೆಯೇ ವಾಚುಗಳಿಗೂ ಸತ್ತ ಮೇಲೆ ಗುಣಗಾನ ಜಾಸ್ತಿ.

ಆದರೆ ಈ ಗುಣಗಾನದಲ್ಲಿ ಬರುವುದೆಲ್ಲ ಗಂಡಸರ ವಾಚು. ಹೆಂಗಸರಿಗೆಂದೇ ಎಚ್‌ಎಂಟಿ ಮಾಡಿದ ಸುಜಾತಾ ಎಂಬ ಚಾವಿ ಕೊಡುವ ಪುಟ್ಟ ವಾಚು ಕೇಳಿದರೆ ಮಾರುವವನು ಡಬ್ಬಿಯ ತಳದಲ್ಲಿ ಕೈಯಾಡಿಸುತ್ತಾನೆ. ಬಿಡಿ ಮುಳ್ಳು, ಒಡೆದ ಗಾಜು, ತುಂಡು ಬೆಲ್ಟುಗಳ ನಡುವಿನಿಂದ ಅದನ್ನು ಎತ್ತಿ, "ಇದು ಬೇಕಾದರೆ ಎಷ್ಟಾದರೂ ಕೊಡಿ" ಎನ್ನುತ್ತಾನೆ. ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಜನತಾ ವಾಚುಗಳು ಸಾಲಾಗಿ ಕೂತಿರುತ್ತವೆ. ಒಂದೇ ಕಂಪನಿ ಮಾಡಿದ್ದು, ಸುಮಾರಾಗಿ ಒಂದೇ ವಯಸ್ಸಿನದು. ಒಂದಕ್ಕೆ ಗಾಜಿನ ಪೆಟ್ಟಿಗೆ, ಇನ್ನೊಂದಕ್ಕೆ ಗುಜರಿ ಡಬ್ಬಿ.

ಆ ಗಾಜಿನ ಪೆಟ್ಟಿಗೆಯ ವಾಚುಗಳು ಯಾರ ದುಡ್ಡಿನವು ಎಂದು ನೀವು ಯೋಚಿಸಿದ್ದೀರಾ? ನಮ್ಮ ಕಡೆಯ ಮದುವೆಗಳನ್ನು ನೋಡಿದ ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂಟು, ಉಂಗುರ, ಸೈಕಲ್ಲು, ರೇಡಿಯೋ, ವಾಚು. ಮಾತುಕತೆಯ ದಿನ ಗಂಡಿನ ಕಡೆಯ ಹಿರಿಯರು "ನಮಗೇನೂ ಬೇಡ" ಎಂದು ಶುರು ಮಾಡಿ ಕೊನೆಗೆ ವಾಚಿನ ಹೆಸರು ಹಿಡಿದೇ ಕೇಳುತ್ತಿದ್ದರು. ಕೈ ಆಡಿಸಿದರೆ ಸಾಕು, ತಾನೇ ಚಾವಿ ತಿರುಗಿಕೊಳ್ಳುವ ಕಾಂಚನ್ ಬೇಕು ಎನ್ನುವ ಅಳಿಯಂದಿರಿದ್ದರು. ಅದು ಅಂಗಡಿಯಲ್ಲಿ ಸಿಗದಿದ್ದರೆ ಮಾವನಾದವನು ಬೊಂಬಾಯಿಯಲ್ಲಿರುವ ನೆಂಟರಿಗೆ ಕಾಗದ ಬರೆಯಬೇಕಾಗುತ್ತಿತ್ತು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಬೆಂಗಳೂರಿನಲ್ಲಿ ವಾಚು ಮಾಡಲು ತೊಡಗಿದ್ದೂ ಅದೇ ವರ್ಷ. ಕಾಯಿದೆ ಪುಸ್ತಕದಲ್ಲಿ ಉಳಿಯಿತು, ವಾಚು ಅಳಿಯನ ಕೈಗೆ ಹೋಯಿತು.

ಅದಕ್ಕೂ ಹಿಂದಿನ ವಿದೇಶೀ ವಾಚುಗಳ ಕತೆಯೂ ಬೇರೆಯಲ್ಲ. ಗೋವೆ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಮಾಜಾಳಿಯ ಗಡಿ ದಾಟಿದರೆ ಆಚೆ ಕಡೆ ವಿದೇಶೀ ಸಾಮಾನು. ಕಾರವಾರದ ಹಳೆಯ ಮನೆಗಳ ಕಪಾಟಿನಲ್ಲಿ ಸ್ವಿಸ್ ವಾಚುಗಳು ಇನ್ನೂ ಸಿಗುವುದಕ್ಕೆ ಅದೂ ಒಂದು ಕಾರಣ. ಅವೂ ಗಡಿ ದಾಟಿ, ಮದುವೆ ಚಪ್ಪರ ದಾಟಿ ಗಂಡಸಿನ ಮಣಿಕಟ್ಟು ಸೇರಿದಂಥವು. ಹಾಗಾಗಿ "ನಮ್ಮ ಅಜ್ಜನ ವಾಚು" ಎಂದು ಹೆಮ್ಮೆಪಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಹೆಮ್ಮೆಪಡಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಕೊಟ್ಟದ್ದು ನಿಮ್ಮ ಅಜ್ಜಿಯ ಅಪ್ಪ ಇರಬಹುದು, ಅದಕ್ಕಾಗಿ ಆತ ಸಾಲ ಮಾಡಿರಬಹುದು. ಬೆಲೆ ಕಟ್ಟುವಾಗ ಅದನ್ನೂ ಸೇರಿಸಿ ಕಟ್ಟಿ.

ಇನ್ನೊಂದು ತಮಾಷೆ ಕೇಳಿ. ಕೈಗೆ ಗಡಿಯಾರ ಕಟ್ಟಿಕೊಳ್ಳುವುದು ಮೂಲತಃ ಹೆಂಗಸರ ಪದ್ಧತಿ. ಯುರೋಪಿನ ಗಂಡಸರು ಸರಪಳಿ ಹಾಕಿದ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಕಂಪನಿ 1868ರಲ್ಲಿ ಮಾಡಿದ ಮೊದಲ ಕೈಗಡಿಯಾರ ಹಂಗೇರಿಯ ಒಬ್ಬ ಸಿರಿವಂತ ಹೆಂಗಸಿಗಾಗಿ. ಆಗ ಗಂಡಸರು ಇದನ್ನು ಬಳೆ ಎಂದು ನಗುತ್ತಿದ್ದರು. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ, ಕೈಯಲ್ಲಿ ಬಂದೂಕು ಹಿಡಿದವನು ಜೇಬಿಗೆ ಕೈಹಾಕಿ ಗಡಿಯಾರ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ ಅದೇ ಬಳೆ ಅವರ ಕೈಗೂ ಏರಿತು. ಏರಿದ ಮೇಲೆ ಅದು ಬಳೆಯಲ್ಲ, ಉಪಕರಣ. ಹೆಂಗಸಿನ ಕೈಯಲ್ಲಿ ಉಳಿದದ್ದು ಮಾತ್ರ ಬಳೆಯಾಗಿಯೇ ಉಳಿಯಿತು. ಅಡುಗೆ ಮನೆಯಲ್ಲಿ ಹೆಂಗಸು ಮಾಡಿದರೆ ದಿನದ ಕೆಲಸ, ಮದುವೆ ಮನೆಯಲ್ಲಿ ಗಂಡಸು ಮಾಡಿದರೆ ಅಡುಗೆ ಭಟ್ಟರ ಕೈಚಳಕ ಎಂಬ ಹಾಗೆ.

ವಾಚು ಮಾಡುವವರೂ ಹಾಗೆಯೇ ನಂಬಿದರು. ಹೆಂಗಸರ ಹಳೆಯ ವಾಚುಗಳನ್ನು ನೋಡಿ: ಡಯಲ್ಲು ಹುಣಸೆ ಬೀಜದಷ್ಟು, ಅಂಕಿಗಳ ಜಾಗದಲ್ಲಿ ಗೆರೆಗಳು, ಎಷ್ಟೋ ವಾಚುಗಳಿಗೆ ಸೆಕೆಂಡಿನ ಮುಳ್ಳೇ ಇಲ್ಲ. ಹೆಂಗಸಿಗೆ ಸೆಕೆಂಡಿನ ಲೆಕ್ಕ ಯಾಕೆ ಬೇಕು ಎಂದು ಯಾರೋ ತೀರ್ಮಾನಿಸಿದ್ದರು. ರೋಗಿಯ ನಾಡಿ ಎಣಿಸಬೇಕಾದ ನರ್ಸಮ್ಮನವರು ಅದಕ್ಕೇ ಗಂಡಸರ ದೊಡ್ಡ ವಾಚು ಕಟ್ಟುತ್ತಿದ್ದರು. ಅದನ್ನು ನೋಡಿ "ಗಂಡುಬೀರಿ" ಎಂದವರೂ ಇದ್ದರು.

ಆದರೆ ನಮ್ಮ ಜಿಲ್ಲೆಯಲ್ಲಿ ಹೆಂಗಸಿನ ಕೈಯ ವಾಚು ಒಡವೆಯಾಗಿ ಬರಲಿಲ್ಲ, ನೌಕರಿಯ ಜೊತೆ ಬಂತು. ಎಚ್‌ಎಂಟಿ ಹುಟ್ಟಿದ 1953ನೇ ಇಸವಿಯಲ್ಲೇ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಅದರಿಂದ ಜಿಲ್ಲೆಯ ಹಳ್ಳಿಹಳ್ಳಿಗೆ ಹೈಸ್ಕೂಲುಗಳು ಬಂದವು. ಹೈಸ್ಕೂಲು ಕಲಿತ ಹುಡುಗಿಯರಲ್ಲಿ ಕೆಲವರು ಟ್ರೇನಿಂಗ್ ಮುಗಿಸಿ ಅಕ್ಕೋರಾದರು, ಕೆಲವರು ನರ್ಸುಗಳಾದರು, ಪೋಸ್ಟಾಫೀಸು ಬ್ಯಾಂಕು ಸೇರಿದರು. ಅವರ ಮೊದಮೊದಲ ಸಂಬಳದಲ್ಲಿ ಬಂದದ್ದು ವಾಚು. ಬೆಳಗಿನ ಬಸ್ಸು ತಪ್ಪಬಾರದು, ಪೀರಿಯಡ್ಡು ಮುಗಿಯುವ ಹೊತ್ತಿಗೆ ಪಾಠ ಮುಗಿಯಬೇಕು, ಪರೀಕ್ಷೆಯ ಕೋಣೆಯಲ್ಲಿ "ಇನ್ನು ಹತ್ತೇ ನಿಮಿಷ" ಎಂದು ಹೇಳಬೇಕು. ಆ ಪುಟ್ಟ ವಾಚು ಹೊತ್ತ ಕೆಲಸ ಅದರ ಮೈಗಿಂತ ದೊಡ್ಡದು. ಅಪ್ಪ ಕೊಡಿಸಿದ್ದಲ್ಲ, ಮಾವ ಕೊಟ್ಟದ್ದಲ್ಲ, ದುಡಿದು ತಂದದ್ದು. ಅಳಿಯನ ಕಾಂಚನ್‌ಗೂ ಅಕ್ಕೋರ ಸುಜಾತಾಗೂ ಇರುವ ವ್ಯತ್ಯಾಸ ಇದು. ಇದರಲ್ಲಿ ಬೆಲೆಯಿಲ್ಲದ್ದು ಯಾವುದು, ನೀವೇ ಹೇಳಿ.

ಭಾವನೆಯ ಮಾತು ಬೇರೆ, ವ್ಯಾಪಾರದ ಮಾತು ಬೇರೆ ಎನ್ನುವಿರಾ? ಸರಿ, ವ್ಯಾಪಾರದ ಮಾತನ್ನೇ ಆಡೋಣ.

ಕಾರವಾರದ ಮೀನು ಪೇಟೆಯಲ್ಲಿ ಬಂಗಡೆಯ ಕಿವಿರೆತ್ತಿ ನೋಡದೆ ಯಾವ ಹೆಂಗಸೂ ದುಡ್ಡು ಕೊಡುವುದಿಲ್ಲ. ಅಂಕೋಲೆಯ ಮಾವಿನ ದಿನಗಳಲ್ಲಿ ಕರಿ ಇಶಾಡ ಯಾವುದು, ಬಿಳಿ ಇಶಾಡ ಯಾವುದು ಎಂದು ತೊಟ್ಟು ಮೂಸಿ, ಸಿಪ್ಪೆಯ ತೆಳುವು ನೋಡಿ ಹೇಳಬಲ್ಲವರು ನಾವು. 2023ರಲ್ಲಿ ಕರಿ ಇಶಾಡಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರ ಮೂಗಿನ ಮಾನ್ಯತೆ ಇತ್ತು. ಚಿನ್ನದ ಕ್ಯಾರೆಟ್ಟು, ಸೀರೆಯ ಜರಿ, ಅಕ್ಕಿಯ ಹಳಮೆ ಎಲ್ಲ ಗೊತ್ತಾಗುವ ನಮಗೆ ವಾಚಿನ ಅಂಗಡಿಗೆ ಹೋದಾಗ ಮಾತ್ರ ಗಂಡನ ಮುಖವೋ ಮಗನ ಮುಖವೋ ಯಾಕೆ ನೋಡಬೇಕೆನಿಸುತ್ತದೆ? ಅದು ಯಂತ್ರ, ನಮಗೆ ತಿಳಿಯುವುದಿಲ್ಲ ಎಂದು ಯಾರು ಹೇಳಿದರು? ಹಳೇ ವಾಚನ್ನು ನೋಡುವುದೂ ಮೀನು ನೋಡಿದ ಹಾಗೆಯೇ. ಮೇಲಿನ ಹೊಳಪಿಗೆ ಮರುಳಾಗದೆ ಕಿವಿರು ಎತ್ತಬೇಕು.

ಮೊದಲು ಡಯಲ್ಲು. ಐವತ್ತು ವರ್ಷದ ವಾಚಿನ ಮುಖ ಐವತ್ತು ವರ್ಷದ ಹಾಗೇ ಇರಬೇಕು. ಅಂಚಿನಲ್ಲಿ ಒಂದಿಷ್ಟು ಹಳದಿ, ಅಲ್ಲಲ್ಲಿ ಒಂದು ಚುಕ್ಕೆ, ಇದೆಲ್ಲ ಪ್ರಾಮಾಣಿಕತೆಯ ಲಕ್ಷಣ. ಕವಚ ಸವೆದು, ಮುಳ್ಳು ಮಂಕಾಗಿ, ಡಯಲ್ಲು ಮಾತ್ರ ನಿನ್ನೆ ಮಾಡಿದಂತೆ ಫಳಫಳ ಎನ್ನುತ್ತಿದ್ದರೆ ಅದು ಮತ್ತೆ ಬಣ್ಣ ಬಳಿದದ್ದು. ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ: ಕಾರ್ಖಾನೆಯ ಅಚ್ಚು ಸೂಜಿಯ ಮೊನೆಯಂತೆ ಚೂಪಾಗಿರುತ್ತದೆ, ಬಳಿದದ್ದು ಹಬ್ಬಿಕೊಂಡಿರುತ್ತದೆ, ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಬರುವುದಿಲ್ಲ. ಗಂಡಸರ ಎಚ್‌ಎಂಟಿಗಳಲ್ಲಿ ಈ ಬಣ್ಣದ ವ್ಯಾಪಾರ ಜೋರಾಗಿದೆ. ಕಿತ್ತಳೆ, ಗಿಳಿಹಸಿರು, ನೇರಳೆ, ಕಂಪನಿ ಕನಸಿನಲ್ಲೂ ಮಾಡದ ಬಣ್ಣಗಳು. ಸೇನೆಯ ಲಾಂಛನ ಬರೆದು "ಯುದ್ಧಕ್ಕೆ ಹೋಗಿ ಬಂದದ್ದು" ಎಂದು ಮಾರುವುದೂ ಉಂಟು. ಕಾರವಾರದಲ್ಲಿ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆ ಇದೆಯಲ್ಲ, ನಮ್ಮಲ್ಲಿಗೆ ಬಂದ ಒಬ್ಬ ವ್ಯಾಪಾರಿ ಲಂಗರಿನ ಚಿತ್ರವಿದ್ದ ವಾಚನ್ನೇ ತೆಗೆದು ತೋರಿಸಿದ. ಲಂಗರು ತುಸು ವಾಲಿತ್ತು.

ಎರಡನೆಯದು, ಹಿಂದಿನ ಮುಚ್ಚಳ ತೆಗೆಸಿ. ತೆಗೆಯಲು ಒಪ್ಪದವನ ಹತ್ತಿರ ಕೊಳ್ಳಬೇಡಿ. ಕಿವಿರು ಎತ್ತಲು ಬಿಡದವಳ ಹತ್ತಿರ ಮೀನು ಕೊಳ್ಳುತ್ತೇವೆಯೇ? ಒಳಗೆ ತುಕ್ಕಿದೆಯೇ ನೋಡಿ. ಕಡಲ ಬದಿಯ ಊರು ನಮ್ಮದು. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಮಣಿಕಟ್ಟಿನ ಬೆವರು ಎಲ್ಲ ಸೇರಿ ಚಾವಿಯ ಕಡ್ಡಿಯಿಂದಲೇ ಒಳಗೆ ಇಳಿಯುತ್ತವೆ. ತುಕ್ಕು ಮೊದಲು ಅಲ್ಲೇ ಕಾಣುತ್ತದೆ. ತಿರುಪುಗಳ ತಲೆ ಗೀಚಿ ಹೋಗಿದ್ದರೆ ಅರಿಯದ ಕೈ ಆಡಿದೆ ಎಂದರ್ಥ.

ಮೂರನೆಯದು, ಓಡುತ್ತಿದೆ ಎಂಬ ಮಾತಿಗೆ ಮಾತ್ರ ಬೆಲೆ ಕೊಡಬೇಡಿ. ಅಲ್ಲಾಡಿಸಿದರೆ ಎಂಥ ವಾಚೂ ಹತ್ತು ನಿಮಿಷ ಓಡುತ್ತದೆ. ಪೂರ್ತಿ ಚಾವಿ ಕೊಟ್ಟು ಒಂದು ದಿನ ಮುಖ ಮೇಲಾಗಿ, ಒಂದು ದಿನ ಮುಖ ಕೆಳಗಾಗಿ ಇಟ್ಟು ನೋಡಬೇಕು. ಒಂದು ಸಲ ಚಾವಿ ಕೊಟ್ಟರೆ ಮೂವತ್ತು ತಾಸಾದರೂ ನಡೆಯಬೇಕು. ದಿನಕ್ಕೆ ಒಂದೆರಡು ನಿಮಿಷ ಹಿಂದೆಮುಂದೆ ಆದರೆ ಅದು ಮುದುಕಿಯ ನಡಿಗೆ, ತಪ್ಪಲ್ಲ. ಹತ್ತು ಹದಿನೈದು ನಿಮಿಷ ಮುಂದೆ ಓಡುತ್ತಿದ್ದರೆ ಅಯಸ್ಕಾಂತದ ಪ್ರಭಾವವಿರಬಹುದು. ಈಗಿನ ನಮ್ಮ ಕೈಚೀಲಗಳ ಬಾಯಿಗೆ, ಫೋನಿನ ಮಡಚುವ ಕವರಿಗೆ ಅಯಸ್ಕಾಂತವಿರುತ್ತದೆ. ವಾಚನ್ನು ಅದರ ಪಕ್ಕದಲ್ಲಿಟ್ಟರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಓಡತೊಡಗುತ್ತದೆ. ರಿಪೇರಿಯವರು ಅದನ್ನು ಕ್ಷಣದಲ್ಲಿ ಸರಿಮಾಡುತ್ತಾರೆ. ಇದು ಗೊತ್ತಿಲ್ಲದೆ "ಹಾಳಾಗಿದೆ" ಎಂದು ಮೂಲೆಗೆಸೆದ ವಾಚುಗಳು ಎಷ್ಟೋ.

ನಾಲ್ಕನೆಯದು, ರತ್ನದ ಮಾತು. ಡಯಲ್ಲಿನ ಮೇಲೆ 17 ಜುವೆಲ್ಸ್ ಎಂದಿರುತ್ತದೆ. "ಹದಿನೇಳು ಮಾಣಿಕ್ಯ ಇದೆಯಮ್ಮಾ" ಎಂದು ಹೆಂಗಸರ ಮುಂದೆ ಈ ಮಾತನ್ನು ಮುದ್ದಾಂ ಎತ್ತುತ್ತಾರೆ, ಒಡವೆ ಎಂದರೆ ನಮ್ಮ ಕಣ್ಣರಳುತ್ತದೆ ಎಂಬ ನಂಬಿಕೆಯಿಂದ. ಮಾಣಿಕ್ಯ ಹೌದು, ಆದರೆ ಕಾರ್ಖಾನೆಯಲ್ಲಿ ಮಾಡಿದ್ದು. ಚಕ್ರಗಳ ಅಚ್ಚು ತಿರುಗುವಾಗ ಸವೆಯದಿರಲೆಂದು ಇಟ್ಟ ಗಟ್ಟಿ ಕಲ್ಲು, ಒನಕೆಯ ಕೆಳಗೆ ಒರಳಿದ್ದ ಹಾಗೆ. ಮಾರಿದರೆ ಏನೂ ಬಾರದು. ಚಿನ್ನದ ಲೇಪವೂ ಅಷ್ಟೆ. ಅದನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ; ಒಂದು ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬೆಲ್ಟು ಸಿಕ್ಕಿಸುವ ಮೂಲೆಗಳಲ್ಲಿ ಅದು ಎಷ್ಟು ಸವೆದಿದೆ ಎಂದು ನೋಡಿ, ಅಷ್ಟು ಸಾಕು.

ಕೊನೆಯದಾಗಿ, ಕತ್ತಲಲ್ಲಿ ಹೊಳೆಯುವ ರೇಡಿಯಂ ವಾಚು. 1960ರ ದಶಕದವರೆಗಿನ ಕೆಲವು ವಿದೇಶೀ ವಾಚುಗಳ ಅಂಕಿ ಮುಳ್ಳುಗಳಿಗೆ ನಿಜವಾದ ರೇಡಿಯಮ್ಮನ್ನೇ ಬಳಿದಿರುತ್ತಿದ್ದರು. ಈಗ ಹೊಳಪು ಸತ್ತಿದೆ ಎಂದು ವಿಷ ಸತ್ತಿದೆ ಎಂದುಕೊಳ್ಳಬೇಡಿ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥ ವಾಚನ್ನು ಮನೆಯಲ್ಲಿ ಬಿಚ್ಚಬಾರದು, ಆ ಬಣ್ಣವನ್ನು ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು. ಈ ಬಣ್ಣ ಬಳಿದವರು ಯಾರು ಗೊತ್ತೇ? ಹುಡುಗಿಯರು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೊದಲನೇ ಮಹಾಯುದ್ಧದ ಕಾಲದಿಂದ ನೂರಾರು ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಸೈನಿಕರ ವಾಚಿಗೆ ಅಂಕಿ ಬರೆದರು. ಹಾನಿಯಿಲ್ಲ ಎಂದು ಅವರಿಗೆ ಹೇಳಲಾಗಿತ್ತು. ದವಡೆಯ ಮೂಳೆ ಕೊಳೆತು ಒಬ್ಬೊಬ್ಬರಾಗಿ ಸತ್ತರು. 1927ರಲ್ಲಿ ಐವರು ಹೆಂಗಸರು ಕೋರ್ಟಿಗೆ ಹೋದರು, 1928ರಲ್ಲಿ ಕಂಪನಿ ಪರಿಹಾರ ಕೊಟ್ಟು ರಾಜಿಗೆ ಬಂತು. ಸೈನಿಕನ ವಾಚಿಗೆ ಸಾವಿರಗಟ್ಟಲೆ ಬೆಲೆ ಕಟ್ಟುವವರು ಈ ಲೆಕ್ಕವನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ.

ಇನ್ನು ಎದುರುವಾದಿಗಳ ಮಾತನ್ನು ಕೇಳಬೇಕು, ಅದು ನ್ಯಾಯ. ಲೇಡೀಸ್ ವಾಚಿನ ಯಂತ್ರ ತೀರ ಸಣ್ಣದು, ರಿಪೇರಿ ಕಷ್ಟ, ಬಿಡಿಭಾಗ ಸಿಗುವುದಿಲ್ಲ, ಮತ್ತೆ ಮಾರಲು ಹೋದರೆ ಗಿರಾಕಿಯಿಲ್ಲ. ಇದರಲ್ಲಿ ಸುಳ್ಳಿಲ್ಲ. ಸಣ್ಣ ಯಂತ್ರಕ್ಕೆ ಸಣ್ಣ ಕಣ್ಣು ಬೇಕು, ಅಂಥ ರಿಪೇರಿಯವರು ಕಡಿಮೆಯಾಗುತ್ತಿದ್ದಾರೆ. ಸಂಗ್ರಹ ಮಾಡುವವರಲ್ಲಿ ಹೆಚ್ಚಿನವರು ಗಂಡಸರು, ಅವರು ತಮ್ಮ ಕೈಗೆ ಆಗುವುದನ್ನೇ ಕೇಳುತ್ತಾರೆ. ಹೀಗಾಗಿ ಬೆಲೆ ಕಡಿಮೆ. ಆದರೆ ಗಮನಿಸಿ, ಇಲ್ಲಿ ಹೇಳುತ್ತಿರುವುದು ಕೇಳುವವರು ಎಷ್ಟು ಜನ ಎಂಬ ಲೆಕ್ಕವನ್ನು, ವಸ್ತು ಎಂಥದು ಎಂಬುದನ್ನಲ್ಲ. ಸಣ್ಣ ಜಾಗದಲ್ಲಿ ಅಷ್ಟೇ ಚಕ್ರ, ಅಷ್ಟೇ ಸ್ಪ್ರಿಂಗು, ಅಷ್ಟೇ ಕರಾರುವಾಕ್ಕು ತರುವುದು ದೊಡ್ಡ ಜಾಗದಲ್ಲಿ ತರುವುದಕ್ಕಿಂತ ಕಷ್ಟದ ಕೆಲಸ. ಕಷ್ಟದ ಕೆಲಸಕ್ಕೆ ಕಡಿಮೆ ಕೂಲಿ. ಈ ನ್ಯಾಯ ನಮಗೆ ಹೊಸದೇ?

ಇನ್ನೊಂದು ಸಂಗತಿಯನ್ನು ಎದುರುವಾದಿಗಳು ಮರೆಯುತ್ತಾರೆ. ಬೆಲೆಯಿಲ್ಲದ ಮಾಲಿಗೆ ಕಳ್ಳಮಾಲು ಹುಟ್ಟುವುದಿಲ್ಲ. ಜನತಾಕ್ಕೆ ಗಿರಾಕಿ ಜಾಸ್ತಿ, ಹಾಗಾಗಿ ಅದರ ಡಯಲ್ಲಿಗೆ ಬಣ್ಣ, ಒಂದರ ಯಂತ್ರ ಇನ್ನೊಂದರ ಕವಚಕ್ಕೆ, ಮೂರನೆಯದರ ಮುಳ್ಳು ನಾಲ್ಕನೆಯದಕ್ಕೆ. ಮುನ್ನೂರು ರೂಪಾಯಿಗೂ ಯಾರೂ ಕೇಳದ ಲೇಡೀಸ್ ವಾಚಿಗೆ ಬಣ್ಣ ಬಳಿದು ಯಾರಿಗೆ ಏನು ಲಾಭ? ಹಾಗಾಗಿ ಅದು ಹುಟ್ಟಿದ ಮುಖದಲ್ಲೇ ಉಳಿದುಕೊಂಡಿರುವುದೇ ಹೆಚ್ಚು. ಮೊದಲ ಸಲ ಕೊಳ್ಳುವವರಿಗೆ, ಅಸಲು ನಕಲು ಕಣ್ಣಿಗೆ ಇನ್ನೂ ಪಳಗದವರಿಗೆ, ಇದಕ್ಕಿಂತ ಸುರಕ್ಷಿತ ವ್ಯಾಪಾರ ಇಲ್ಲ. ಅಸಲನ್ನು ಕೈಯಲ್ಲಿ ಹಿಡಿದು ನೋಡಿ ಕಣ್ಣು ಪಳಗಲಿ. ಆಮೇಲೆ ಬೇಕಿದ್ದರೆ ಗಾಜಿನ ಪೆಟ್ಟಿಗೆಯ ಕಡೆ ಹೋಗಿ.

ನಾನು ಕೊಂಡದ್ದು ಒಂದು ಸುಜಾತಾ. ವಾಚಿಗೆ 900 ರೂಪಾಯಿ, ತೊಳೆದು ಎಣ್ಣೆ ಹಾಕಿದ್ದಕ್ಕೆ 400, ಹೊಸ ಬೆಲ್ಟಿಗೆ 150. ಒಟ್ಟು 1450. ನಾಲ್ಕೈದು ವರ್ಷಕ್ಕೊಮ್ಮೆ ಎಣ್ಣೆಯ ಖರ್ಚು ಇದ್ದೇ ಇರುತ್ತದೆ; ಕೊಳ್ಳುವಾಗಲೇ ಅದನ್ನು ಸೇರಿಸಿ ಲೆಕ್ಕ ಹಾಕಬೇಕು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ, ನಾನು ಬೆಳಿಗ್ಗೆ ಚಾವಿ ಕೊಡುವಾಗ ಸರಿಮಾಡಿಕೊಳ್ಳುತ್ತೇನೆ. ಆದರೆ ಅದರ ನಿಜವಾದ ಬೆಲೆ ನನಗೆ ತಿಳಿದದ್ದು ಕಾರವಾರದ ಗೂಡಂಗಡಿಯಲ್ಲಿ ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಾಗ. "ಒಳಮೈ ನೋಡಿ ಅಕ್ಕೋರೇ" ಎಂದರು. ಭೂತಗನ್ನಡಿ ಹಿಡಿದು ನೋಡಿದೆ. ಇರುವೆ ಕಾಲಿನಂಥ ಅಕ್ಷರದಲ್ಲಿ ಮೂರು ಗೀಚುಗಳು: 74, 79, 83. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ಇಸವಿ ಗೀಚಿಡುವ ರೂಢಿಯಿದೆಯಂತೆ, ಮತ್ತೆ ಬಂದರೆ ಗೊತ್ತಾಗಲಿ ಎಂದು.

ಯಾರೋ ಒಬ್ಬಾಕೆ ಈ ವಾಚನ್ನು ಮೂರು ಸಲ ಅಂಗಡಿಗೆ ಒಯ್ದಿದ್ದಾಳೆ. ತೊಳೆಸಿ, ಎಣ್ಣೆ ಹಾಕಿಸಿ, ದುಡ್ಡು ಕೊಟ್ಟು ತಂದಿದ್ದಾಳೆ. ಬಳೆಗೆ ಯಾರೂ ಎಣ್ಣೆ ಹಾಕಿಸುವುದಿಲ್ಲ. ಹೊತ್ತು ಬೇಕಾಗಿದ್ದವಳಿಗೆ ಮಾತ್ರ ವಾಚು ಓಡಬೇಕಾಗುತ್ತದೆ. ಅವಳು ಅಕ್ಕೋರೋ, ನರ್ಸೋ, ಮೂರು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತಿದ್ದ ಗುಮಾಸ್ತೆಯೋ ನನಗೆ ತಿಳಿಯದು. ಮಾರಿದವನಿಗೂ ಗೊತ್ತಿರಲಿಲ್ಲ. ಆದರೆ ಹತ್ತು ವರ್ಷ ಆಕೆ ಈ ವಾಚನ್ನು ನಂಬಿ ನಡೆದಿದ್ದಾಳೆ ಎಂಬುದಕ್ಕೆ ಉಕ್ಕಿನ ಮೇಲೆ ಬರೆದ ದಾಖಲೆಯಿದೆ. ಲಂಗರಿನ ಚಿತ್ರದ ವಾಚಿಗೆ ಇಂಥ ದಾಖಲೆ ಯಾರು ಕೊಡುತ್ತಾರೆ? ಅಣ್ಣನ ಮಗ ಈಗಲೂ "ರೀಸೇಲ್ ಇಲ್ಲ ಅತ್ತೆ" ಎನ್ನುತ್ತಾನೆ. ಇಲ್ಲದಿರಲಿ. ಮಾರುವುದಕ್ಕೆಂದು ನಾನು ಕೊಳ್ಳಲಿಲ್ಲ. ಮಾರಿದಾಗ ಎಷ್ಟು ಬಂದೀತು ಎಂಬುದೇ ಮೌಲ್ಯದ ಅಳತೆಯಾದರೆ ಹೆಂಗಸರ ಜೀವಮಾನದ ಅರ್ಧಕ್ಕರ್ಧ ಕೆಲಸಕ್ಕೆ ಮೌಲ್ಯವೇ ಇಲ್ಲ ಎನ್ನಬೇಕಾಗುತ್ತದೆ. ಹಾಗೆ ಎನ್ನುವವರೂ ಇದ್ದಾರೆ ಎಂಬುದೇ ನನ್ನ ಜಗಳದ ಮೂಲ.

ಕೊನೆಗೆ ಓದುವ ಗೆಳತಿಯರಲ್ಲಿ ಒಂದು ಮಾತು. ಅಂಗಡಿಗೆ ಹೋಗುವ ಮೊದಲು ನಿಮ್ಮ ತವರಿನ ಕಪಾಟು ನೋಡಿ. ಹಿರಿಯರು ತೀರಿಕೊಂಡ ಮನೆಗಳಲ್ಲಿ ಸಾಮಾನು ಹಂಚುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅಪ್ಪನ ವಾಚನ್ನು ಎಲ್ಲರ ಎದುರು ಮಗನ ಕೈಗೆ ಕಟ್ಟುತ್ತಾರೆ, ಮನೆತನದ ಗುರುತು ಎಂದು. ಅಮ್ಮನ ವಾಚು ಒಡೆದ ಬಳೆ, ತುಕ್ಕು ಹಿಡಿದ ಪಿನ್ನು, ಹಳೇ ಗುಂಡಿಗಳ ಡಬ್ಬಿಯಲ್ಲಿ ಉಳಿಯುತ್ತದೆ; ಮುಂದಿನ ದೀಪಾವಳಿಯ ಗುಡಿಸುವಿಕೆಯಲ್ಲಿ ಗುಜರಿಯವನ ಚೀಲ ಸೇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ಅಪ್ಪನ ಹೊಲದ ಪಾಲು ಕೇಳುವುದಕ್ಕೆ ಕಾಯಿದೆಯಿದೆ. ಅಮ್ಮನ ವಾಚು ಕೇಳುವುದಕ್ಕೆ ಯಾವ ಕಾಯಿದೆಯೂ ಬೇಡ, ಬಾಯಿ ಇದ್ದರೆ ಸಾಕು. ಕೇಳಿ ತೆಗೆದುಕೊಳ್ಳಿ. ಮುಚ್ಚಳ ತೆಗೆಸಿ ಒಳಗೆ ಏನು ಗೀಚಿದೆ ನೋಡಿ. ಅಮ್ಮ ಇನ್ನೂ ಇದ್ದರೆ ಎಷ್ಟಕ್ಕೆ ಕೊಂಡದ್ದು, ಯಾರ ದುಡ್ಡಿನಿಂದ ಕೊಂಡದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಂಗಸರು ಬೆಲೆ ಬರೆದಿಡದ್ದಕ್ಕೇ ಬೆಲೆಯಿಲ್ಲ ಎಂದು ಬೇರೆಯವರು ಬರೆದುಬಿಟ್ಟಿದ್ದಾರೆ.